ಅಲ್ಲಾಡಿದವರು ಚಿತ್ರದಲ್ಲಿಲ್ಲ

ಕತಾರ್‌ನಲ್ಲಿ ಜಲಪಾತ ಇಲ್ಲ. ಒಂದು ಹೊಳೆಯೂ ಇಲ್ಲದ ದೇಶದಲ್ಲಿ ಜಲಪಾತ ಎಲ್ಲಿಂದ ಬರಬೇಕು ಹೇಳಿ. ಇಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 80 ಮಿಲಿಮೀಟರ್. ನಮ್ಮ ಆಗುಂಬೆಯಲ್ಲಿ ಜುಲೈ ತಿಂಗಳ ಒಂದೇ ಒಂದು ಜೋರು ದಿನಕ್ಕೆ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಕುಡಿಯುವ ನೀರನ್ನೂ ಸಮುದ್ರದಿಂದ ಉಪ್ಪು ಬೇರ್ಪಡಿಸಿ ಮಾಡಿಕೊಳ್ಳಬೇಕಾದ ನೆಲ ಇದು.

ಆದರೂ ಜಲಪಾತದ ಫೋಟೊ ತೆಗೆಯುವ ವಿದ್ಯೆಯನ್ನು ನಾನು ಕಲಿತದ್ದು ದೋಹಾದಲ್ಲೇ. ನೀರು ಹಾಲಿನ ಹಾಗೆ, ರೇಷ್ಮೆ ಸೀರೆಯ ಸೆರಗಿನ ಹಾಗೆ ಇಳಿಯುವ ಫೋಟೊಗಳನ್ನು ನೀವೂ ನೋಡಿರುತ್ತೀರಿ. ಮಳೆಗಾಲ ಬಂತೆಂದರೆ ವಾಟ್ಸಾಪ್ ತುಂಬ ಅವೇ. ಅದಕ್ಕೆ ‘ಲಾಂಗ್ ಎಕ್ಸ್‌ಪೋಶರ್’ ಅಂತಾರೆ. ವರ್ಷಕ್ಕೊಮ್ಮೆ ರಜೆಗೆ ಊರಿಗೆ ಹೋದಾಗ ಜೋಗದ ಎದುರು ನಿಂತು ತಪ್ಪು ಮಾಡಬಾರದಲ್ಲ, ಅದಕ್ಕೆ ಉಳಿದ ಹನ್ನೊಂದು ತಿಂಗಳು ಇಲ್ಲಿ ಕಾರ್ನಿಶ್‌ನ ದಂಡೆಯಲ್ಲಿ ಅಭ್ಯಾಸ. ಶುಕ್ರವಾರ ಬೆಳಿಗ್ಗೆ, ಊರು ಏಳುವ ಮೊದಲು, ಟ್ರೈಪಾಡ್ ಹೊತ್ತು ಹೊರಡುವುದು.

ಈ ಬರಹ ಅಂಥ ಒಂದು ಶುಕ್ರವಾರದ ಬಗ್ಗೆ. ಇದನ್ನು ಓದುವವರೂ ಇದ್ದೀರಿ, ಕಾರು ಓಡಿಸುತ್ತಾ ಕೇಳುವವರೂ ಇದ್ದೀರಿ. ಫೋಟೊ ಇಲ್ಲದೆ ಫೋಟೊ ಬಗ್ಗೆ ಹೇಳಬೇಕು. ಪ್ರಯತ್ನ ಮಾಡುತ್ತೇನೆ.

ಟಾಟಾ ಮಾಡಿದ ಅಂಕಲ್

ನವೆಂಬರ್ ತಿಂಗಳು. ಇಸ್ಲಾಮಿಕ್ ಕಲಾ ಮ್ಯೂಸಿಯಂನ ಪಾರ್ಕಿನಲ್ಲಿ ನಿಂತಿದ್ದೆ. ಎದುರಿಗೆ ಕೊಲ್ಲಿಯ ನೀರು, ಅದರಾಚೆ ವೆಸ್ಟ್ ಬೇಯ ಗೋಪುರಗಳು, ನಡುವೆ ಲಂಗರು ಹಾಕಿದ ಎರಡು ಮರದ ದೋಣಿ. ಎಂಟು ವರ್ಷದ ಮಗಳು ಜೊತೆಗೆ ಬಂದಿದ್ದಳು. ಬೆಂಚಿನ ಮೇಲೆ ಕೂತು ಡಬ್ಬಿಯಲ್ಲಿದ್ದ ಚಕ್ಕುಲಿ ತಿನ್ನುತ್ತಿದ್ದಳು. ನಾಲ್ಕು ನಿಮಿಷಕ್ಕೆ ಶಟರ್ ತೆರೆದು ನಾನೂ ಪಕ್ಕದಲ್ಲಿ ಕೂತೆ.

ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ನೋಡಿದರೆ, ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂದಿತ್ತು. ಸಮುದ್ರ ಗಾಜಾಗಿತ್ತು. ದಂಡೆಯ ಕಾಲುದಾರಿ ಖಾಲಿ ಖಾಲಿ. ಒಂದೇ ತೊಂದರೆ: ಎಡಗಡೆ ಕಸದ ಡಬ್ಬಿಯ ಹತ್ತಿರ ಹೊಗೆ ಥರದ ಒಂದು ಮಸುಕು. ಸೊಂಟದ ಮೇಲೆ ಏನೂ ಇಲ್ಲ, ಕೆಳಗೆ ಎರಡು ಕಾಲಿನ ಹಾಗೆ ಏನೋ. ನಮ್ಮ ಕ್ಯಾಮೆರಾ ಬಳಗದಲ್ಲಿ ಇದಕ್ಕೆ ‘ಘೋಸ್ಟ್’ ಅನ್ನುತ್ತಾರೆ, ದೆವ್ವ. ದೆವ್ವ ಬಿಡಿಸುವುದು ಎರಡು ನಿಮಿಷದ ಕೆಲಸ. ಪಕ್ಕದ ಕಲ್ಲುಹಾಸನ್ನೇ ನಕಲು ಮಾಡಿ ಅದರ ಮೇಲೆ ಹಚ್ಚಿದೆ. ಹೋಯಿತು.

ಮಗಳು ಹಿಂದೆ ನಿಂತು ನೋಡುತ್ತಿದ್ದಳು. “ಅಪ್ಪಾ, ಆ ಅಂಕಲ್‌ನ ಯಾಕೆ ಅಳಿಸ್ದೆ?”

“ಅಲ್ಲಿ ಯಾರೂ ಇರ್ಲಿಲ್ಲ ಪುಟ್ಟಾ, ಬರೀ ಕಲೆ ಅದು.”

“ಇದ್ರು. ಕಸ ಗುಡಿಸ್ತಾ ಇದ್ರು. ನಂಗೆ ಟಾಟಾ ಮಾಡಿದ್ರು.”

ನಾನು ಅದೇ ಬೆಂಚಿನಲ್ಲಿ, ಅವಳ ಪಕ್ಕದಲ್ಲೇ ಕೂತಿದ್ದೆ. ನನಗೆ ಯಾರೂ ನೆನಪಿರಲಿಲ್ಲ.

ಇನ್ನೂರ ಐವತ್ತಾರು ಸೆಕೆಂಡು

ಮೊದಲು ಇದು ಹೇಗೆ ಆಗುತ್ತದೆ ಅಂತ ಹೇಳಿಬಿಡುತ್ತೇನೆ. ಅದು ಗೊತ್ತಾಗದೆ ಮುಂದಿನ ಮಾತು ಸರಿಯಾಗಿ ಅರ್ಥವಾಗಲ್ಲ.

ಕ್ಯಾಮೆರಾದ ಒಳಗೆ ಬೆಳಕು ಹಿಡಿಯುವ ಒಂದು ತಟ್ಟೆ ಇದೆ ಅಂದುಕೊಳ್ಳಿ. ಶಟರ್ ತೆರೆದಷ್ಟು ಹೊತ್ತು ಅದಕ್ಕೆ ಬೆಳಕು ಬೀಳುತ್ತದೆ. ಬೆಳಗಿನ ಜಾವದ ಬೆಳಕಿಗೆ ಸುಮಾರು ಕಾಲು ಸೆಕೆಂಡು ಸಾಕು. ಆದರೆ ಲೆನ್ಸಿನ ಮುಂದೆ ಹತ್ತು ಸ್ಟಾಪಿನ ಎನ್‌ಡಿ ಫಿಲ್ಟರ್ ಅನ್ನೋ ಕಪ್ಪು ಗಾಜು ಸಿಕ್ಕಿಸಿದರೆ, ಬೆಳಕು ಸಾವಿರ ಪಾಲು ಕಮ್ಮಿಯಾಗುತ್ತದೆ. ಸರಿಯಾಗಿ ಹೇಳಬೇಕಂದ್ರೆ 1024 ಪಾಲು. ಕಾಲು ಸೆಕೆಂಡಿನ ಕೆಲಸಕ್ಕೆ ಈಗ 256 ಸೆಕೆಂಡು, ಅಂದರೆ ನಾಲ್ಕೂಕಾಲು ನಿಮಿಷ ಬೇಕು. ಅಷ್ಟು ಹೊತ್ತಿನಲ್ಲಿ ಅಲೆ ನೂರು ಸಲ ಬಂದು ಹೋಗಿರುತ್ತದೆ. ಎಲ್ಲ ಅಲೆ ಸೇರಿ ಒಂದೂ ಅಲೆ ಇಲ್ಲದ ಹಾಗೆ ಕಾಣುತ್ತದೆ. ಜಲಪಾತಕ್ಕೆ ಇಷ್ಟೆಲ್ಲ ಬೇಡ, ಅರ್ಧ ಸೆಕೆಂಡಿನಿಂದಲೇ ನೀರು ನೂಲಾಗಲು ಶುರುವಾಗುತ್ತದೆ. ಎಂಟು ಹತ್ತು ಸೆಕೆಂಡಿಗೆ ಪೂರ್ತಿ ಹಾಲು.

ಜನರ ಗತಿ ಏನು? ಒಬ್ಬ ಮನುಷ್ಯ ನಡೆದು ಹೋಗುವಾಗ ಒಂದು ಜಾಗದಲ್ಲಿ ಅರ್ಧ ಸೆಕೆಂಡು ಇರುತ್ತಾನೆ. ಆ ಜಾಗದ ಹಿಂದಿನ ಗೋಡೆಯೋ ನೆಲವೋ ಉಳಿದ 255 ಸೆಕೆಂಡೂ ಬೆಳಕು ಕೊಡುತ್ತಲೇ ಇರುತ್ತದೆ. ಐನೂರರಲ್ಲಿ ಒಂದು ಪಾಲು ಅವನದು, ಉಳಿದದ್ದು ನೆಲದ್ದು. ಅಷ್ಟು ಸಣ್ಣ ಪಾಲು ಕಣ್ಣಿಗೆ ಕಾಣಲ್ಲ. ಚಿತ್ರದಲ್ಲಿ ಉಳಿಯಬೇಕು ಅಂದರೆ ನಿಲ್ಲಬೇಕು. ಕಸದ ಚೀಲಕ್ಕೆ ಗಂಟು ಹಾಕುವಾಗ ಆತ ಒಂದರ್ಧ ನಿಮಿಷ ನಿಂತಿರಬೇಕು, ಅಲ್ಲಾಡದ ಕಾಲು ಮಾತ್ರ ಹೊಗೆಯಾಗಿ ಉಳಿಯಿತು. ಗಂಟು ಹಾಕುತ್ತಿದ್ದ ಕೈ, ಬಗ್ಗಿ ಏಳುತ್ತಿದ್ದ ಮೈ ಉಳಿಯಲಿಲ್ಲ.

ಫೋಟೊಗ್ರಫಿಯ ಚರಿತ್ರೆಯ ಶುರುವಿನ ದಿನಗಳಲ್ಲೇ ಇಂಥ ಒಂದು ಚಿತ್ರ ಇದೆ. 1838ರಲ್ಲಿ ಲೂಯಿ ದಗೇರ್ ಪ್ಯಾರಿಸ್ಸಿನ ಬುಲೆವಾರ್ ದು ತಾಂಪ್ಲ್ ಎಂಬ ಬೀದಿಯನ್ನು ಮೇಲಿನ ಕಿಟಕಿಯಿಂದ ಸೆರೆಹಿಡಿದ. ಕುದುರೆಗಾಡಿ, ಜನ ಎಲ್ಲ ಓಡಾಡುತ್ತಿದ್ದ ಬೀದಿ. ಆಗಿನ ತಟ್ಟೆಗೆ ಚಿತ್ರ ಮೂಡಲು ಹಲವು ನಿಮಿಷ ಬೇಕಿತ್ತು. ಹಾಗಾಗಿ ಚಿತ್ರದಲ್ಲಿ ಬೀದಿ ನಿರ್ಜನ. ಕೆಳಗೆ ಎಡಮೂಲೆಯಲ್ಲಿ ಮಾತ್ರ ಒಬ್ಬ ಮನುಷ್ಯ, ಕಾಲೆತ್ತಿ ಬೂಟು ಪಾಲಿಶ್ ಮಾಡಿಸಿಕೊಳ್ಳುತ್ತಾ ನಿಂತಿದ್ದಾನೆ. ಮನುಷ್ಯ ಕಾಣುವ ಅತಿ ಹಳೆಯ ಫೋಟೊ ಅದು ಎಂದು ಹೇಳುತ್ತಾರೆ.

ಆ ಚಿತ್ರವನ್ನು ನಾನು ಎಷ್ಟೋ ಸಲ ನೋಡಿದ್ದೆ. ಮಗಳ ಪ್ರಶ್ನೆಯ ನಂತರ ಮತ್ತೆ ದೊಡ್ಡದು ಮಾಡಿ ನೋಡಿದೆ. ಪಾಲಿಶ್ ಮಾಡಿಸಿಕೊಳ್ಳುವವನ ಆಕಾರ ಸ್ಪಷ್ಟ. ಎದುರು ಕೂತು ಪಾಲಿಶ್ ಮಾಡುವವನು ಒಂದು ಕಪ್ಪು ಮುದ್ದೆ. ಯಾಕಂದ್ರೆ ಅವನ ಕೈ ಆಡುತ್ತಿತ್ತು. ಸೇವೆ ತೆಗೆದುಕೊಂಡವನು ಉಳಿದ, ಸೇವೆ ಮಾಡಿದವನು ಕರಗಿದ. ಇದರಲ್ಲಿ ದಗೇರನ ದುರುದ್ದೇಶ ಏನೂ ಇರಲಿಲ್ಲ, ಬರೀ ರಸಾಯನಶಾಸ್ತ್ರ. ಆದರೆ ನೂರೆಂಬತ್ತು ವರ್ಷದ ಮೇಲೆ ಕಾರ್ನಿಶ್‌ನಲ್ಲಿ ಕೂತ ನನಗೆ ಆ ನೆಪ ಇಲ್ಲ. ನನ್ನ ಕ್ಯಾಮೆರಾ ಸೆಕೆಂಡಿನ ನಾಲ್ಕು ಸಾವಿರದ ಒಂದು ಭಾಗದಲ್ಲೂ ಚಿತ್ರ ತೆಗೆಯುತ್ತದೆ. ನಾಲ್ಕು ನಿಮಿಷವನ್ನು ಆರಿಸಿಕೊಂಡದ್ದು ನಾನು.

ಹಾಲು ಸುಳ್ಳೇ?

ಇಲ್ಲಿ ಒಬ್ಬರು ಕೇಳಬಹುದು: ಹಾಗಾದರೆ ಲಾಂಗ್ ಎಕ್ಸ್‌ಪೋಶರ್ ಅನ್ನೋದೇ ಸುಳ್ಳಾ? ನೀರು ಹಾಲಿನ ಹಾಗೆ ಇರಲ್ಲ, ಹನಿ ಹನಿಯಾಗಿ ಇರುತ್ತೆ ಅಲ್ವಾ?

ಅಷ್ಟು ಸುಲಭ ಅಲ್ಲ. ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ತೆಗೆದ ಜಲಪಾತ ನೋಡಿ. ಪ್ರತಿ ಹನಿಯೂ ಗಾಳಿಯಲ್ಲಿ ಗಾಜಿನ ಮಣಿಯ ಹಾಗೆ ತೂಗಾಡುತ್ತಿರುತ್ತದೆ. ಅಂಥ ನೀರನ್ನು ಯಾವ ಮನುಷ್ಯನ ಕಣ್ಣೂ ಯಾವತ್ತೂ ಕಂಡಿಲ್ಲ. ಕಣ್ಣಿಗೆ ಶಟರ್ ಇಲ್ಲ. ಕಣ್ಣಿಗೆ ಕಾಣುವುದು ನಿಂತ ನೀರಲ್ಲ, ಬೀಳುವಿಕೆ. ಅದನ್ನು ನೋಡಲು ನಮ್ಮ ತಲೆಯೊಳಗೆ ಬೇರೆಯೇ ವ್ಯವಸ್ಥೆ ಇದೆ. ಜಲಪಾತವನ್ನು ಒಂದು ನಿಮಿಷ ಎವೆಯಿಕ್ಕದೆ ನೋಡಿ ಆಮೇಲೆ ಪಕ್ಕದ ಬಂಡೆ ನೋಡಿದರೆ ಬಂಡೆ ಮೆಲ್ಲಗೆ ಮೇಲೇರಿದ ಹಾಗೆ ಕಾಣುತ್ತದೆ. 1834ರಲ್ಲಿ ರಾಬರ್ಟ್ ಆಡಮ್ಸ್ ಎಂಬಾತ ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಎದುರು ಇದನ್ನು ಗಮನಿಸಿ ಬರೆದ. ಇಂದಿಗೂ ಅದಕ್ಕೆ ‘ಜಲಪಾತ ಭ್ರಮೆ’ ಎಂದೇ ಹೆಸರು. ಅಂದರೆ ಕಣ್ಣೂ ಸತ್ಯಹರಿಶ್ಚಂದ್ರ ಏನಲ್ಲ.

ಇನ್ನೊಂದು ವಿಷಯ. ನೀರನ್ನು ಹಾಲು ಅಂತ ಕರೆದದ್ದು ಕ್ಯಾಮೆರಾ ಅಲ್ಲ. ಗೋವಾ ಗಡಿಯಲ್ಲಿ, ಕ್ಯಾಸಲ್‌ರಾಕ್ ದಾಟಿ ರೈಲು ಇಳಿಯುವ ದಾರಿಯಲ್ಲಿ ದೂಧಸಾಗರ ಇದೆ. ಹೆಸರಿನ ಅರ್ಥವೇ ಹಾಲಿನ ಕಡಲು. ದೂರದಿಂದ, ರೈಲಿನ ಕಿಟಕಿಯಿಂದ, ಎದುರು ಗುಡ್ಡದಿಂದ ನೋಡಿದವರಿಗೆ ನೀರು ನಿಜವಾಗಿ ಹಾಲೇ. ಹನಿ ಕಾಣಲ್ಲ, ಸದ್ದು ಕೇಳಲ್ಲ, ಬಿಳಿ ಮಾತ್ರ ಇಳಿಯುತ್ತಿರುತ್ತದೆ. ಹತ್ತಿರ ಹೋದರೆ ಬೇರೆ. ಮಲೆನಾಡಿನಲ್ಲಿ, ಕೊಡಗಿನಲ್ಲಿ ಜಲಪಾತಕ್ಕೆ ‘ಅಬ್ಬಿ’ ಎಂಬ ಪದ ಇದೆ. ಒನಕೆ ಅಬ್ಬಿ, ಬರ್ಕಣ ಅಬ್ಬಿ, ಮಡಿಕೇರಿಯ ಅಬ್ಬಿ. ‘ಜಲಪಾತ’ ಪುಸ್ತಕದ ಪದ. ‘ಅಬ್ಬಿ’ ಅದರ ಬುಡದಲ್ಲಿ ಬದುಕುವವರ ಪದ. ಅಬ್ಬಿಯ ಬುಡದಲ್ಲಿ ನಿಂತವನಿಗೆ ಹಾಲು ನೆನಪಾಗಲ್ಲ. ಮುಖಕ್ಕೆ ತುಂತುರು ಹೊಡೆಯುತ್ತದೆ, ಮಾತು ಕೇಳಿಸಲ್ಲ, ಕಾಲು ಜಾರುತ್ತದೆ, ಎದೆ ಒಳಗಿನಿಂದ ಅದುರುತ್ತದೆ.

ನನಗೆ ಹೊಳೆದದ್ದು ಇಷ್ಟು. ಹಾಲು ಸುಳ್ಳಲ್ಲ, ಹಾಲು ದೂರದ ಸತ್ಯ. ಹನಿ, ಸದ್ದು, ಜಾರು, ಇವು ಹತ್ತಿರದ ಸತ್ಯ. ಲಾಂಗ್ ಎಕ್ಸ್‌ಪೋಶರ್‌ನಲ್ಲಿ ತಪ್ಪೇನಾದರೂ ಇದ್ದರೆ ಅದು ಇಲ್ಲಿದೆ: ಅದು ಹತ್ತಿರ ನಿಂತು ದೂರದ ಚಿತ್ರ ತೆಗೆಯುತ್ತದೆ. ಬಂಡೆಯ ಪಾಚಿಯ ಒಂದೊಂದು ಎಳೆಯೂ ಕಾಣುವಷ್ಟು ಹತ್ತಿರ, ಆದರೆ ನೀರು ಮಾತ್ರ ಐದು ಮೈಲಿ ಆಚೆಯದು. ನೋಡುವವರು ಪಾಚಿಯನ್ನು ನಂಬಿ ನೀರನ್ನೂ ನಂಬುತ್ತಾರೆ. ತಾವು ಹತ್ತಿರ ಹೋಗಿ ಬಂದೆವು ಅಂದುಕೊಳ್ಳುತ್ತಾರೆ.

ಇದನ್ನು ಬೇಕೆಂದೇ ಮೋಸಕ್ಕೆ ಬಳಸುವವರೂ ಇದ್ದಾರೆ. ಮಾರ್ಚ್ ತಿಂಗಳಲ್ಲಿ ಜೋಗದಲ್ಲಿ ನೀರು ದಾರದಷ್ಟು ಇರುತ್ತದೆ. ಗಾಳಿಗೆ ಆ ದಾರ ಅತ್ತ ಇತ್ತ ಆಡುತ್ತದೆ. ಶಟರ್ ಮೂವತ್ತು ಸೆಕೆಂಡು ತೆರೆದಿಟ್ಟರೆ, ಆಡಿದ ಜಾಗವೆಲ್ಲ ನೀರಾಗಿ ಕಂಡು ದಾರ ಪರದೆಯಾಗುತ್ತದೆ. ಅದನ್ನು ನೋಡಿ ಬೇಸಿಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋದವರು ಬಂಡೆ ನೋಡಿ ವಾಪಸ್ ಬರಬೇಕು. ಇದಂತೂ ಸುಳ್ಳು, ಚರ್ಚೆಯೇ ಬೇಡ.

ಅಜ್ಜಿ ಮತ್ತು ಜೋಗ

ಜೋಗದ ಮಾತು ಬಂತಲ್ಲ. ನನ್ನ ಅಮ್ಮನ ತವರು ಸಾಗರದ ಕಡೆ. ತವರು ಅಂದೆ, ಆದರೆ ಆ ಊರು ಈಗ ಇಲ್ಲ, ಲಿಂಗನಮಕ್ಕಿಯ ನೀರಿನ ಕೆಳಗಿದೆ. ವಿದೇಶದಲ್ಲಿ ಹುಟ್ಟಿ ಕನ್ನಡ ಕಲಿಯುತ್ತಿರುವ ಮಕ್ಕಳಿಗೆ ಒಂದು ಪದ ಹೇಳಿಕೊಡಬೇಕು: ‘ಮುಳುಗಡೆ’. ಶಬ್ದಕೋಶದಲ್ಲಿ ಅದರ ಅರ್ಥ ಮುಳುಗುವುದು, ಅಷ್ಟೇ. ನಮ್ಮ ಕಡೆ ಅದು ಜನರಿಗೆ ಅಂಟಿದ ಹೆಸರು. “ಅವ್ರು ಮುಳುಗಡೆಯವ್ರು” ಅಂದರೆ ಸಾಕು, ಎಲ್ಲ ತಿಳಿಯುತ್ತದೆ. ಸಾಗರದ ನಾ. ಡಿಸೋಜ ಅವರು ಆ ಹೆಸರಿನಲ್ಲೇ ಕಾದಂಬರಿ ಬರೆದರು. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು.

ಅಣೆಕಟ್ಟು ಮುಗಿದದ್ದು 1964ರಲ್ಲಿ. ಶರಾವತಿಯ ವಿದ್ಯುತ್ ಕೇಂದ್ರದ ಸಾಮರ್ಥ್ಯ ಕೊನೆಗೆ 1035 ಮೆಗಾವಾಟ್ ಮುಟ್ಟಿತು. ಎಷ್ಟೋ ವರ್ಷ ಕರ್ನಾಟಕದ ಮನೆಮನೆಯ ದೀಪ ಉರಿದದ್ದು ಆ ನೀರಿನಿಂದ. ಇದು ನಿಜ. ನೆಲ ಬಿಟ್ಟು ಹೋದ ಕುಟುಂಬಗಳ ಹಕ್ಕುಪತ್ರದ ಹೋರಾಟ ಅರ್ಧ ಶತಮಾನ ದಾಟಿದರೂ ಮುಗಿದಿಲ್ಲ. ಇದೂ ನಿಜ. ಮೊದಲನೆಯದು ಹಾಲು, ಎರಡನೆಯದು ಹನಿ.

ಕೆಲವು ವರ್ಷದ ಹಿಂದೆ ಆಗಸ್ಟಿನಲ್ಲಿ ಅಜ್ಜಿಯನ್ನು ಜೋಗಕ್ಕೆ ಕರೆದುಕೊಂಡು ಹೋಗಿದ್ದೆ. ಎಂಬತ್ತು ದಾಟಿದ ಜೀವ. ಮಂಜು ಸರಿದ ಹತ್ತು ನಿಮಿಷದಲ್ಲಿ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಕಂಡವು. 253 ಮೀಟರ್ ಎತ್ತರದಿಂದ ಬೀಳುವ ನೀರಿನ ಸದ್ದಿಗೆ ಛತ್ರಿಯೇ ಅದುರುತ್ತಿತ್ತು. ಹತ್ತು ಸೆಕೆಂಡಿನ ಒಂದು ಫೋಟೊ ತೆಗೆದು ಹಿಂದಿನ ಪರದೆಯಲ್ಲಿ ತೋರಿಸಿದೆ. ಅಜ್ಜಿ ಕನ್ನಡಕ ಒರೆಸಿಕೊಂಡು ನೋಡಿದರು.

“ಚಂದ ಬಂದದೆ. ಆದ್ರೆ ಇದ್ರಲ್ಲಿ ಸದ್ದೇ ಇಲ್ವಲ್ಲೋ.”

ಫೋಟೊದಲ್ಲಿ ಸದ್ದು ಹೇಗೆ ಬರುತ್ತೆ ಅಜ್ಜೀ ಅಂತ ನಕ್ಕೆ. ಅವರು ನಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ನಾನು ಕೇಳದೆಯೇ ಹೇಳಿದರು: “ನೀರು ಬಂತು ನೀರು ಬಂತು ಅಂತಾರೆ. ಬರ್ಲಿಲ್ಲ ಮಾರಾಯ, ಏರ್ತು. ಇವತ್ತು ತೋಟ, ನಾಳೆ ತುಳಸಿಕಟ್ಟೆ, ನಾಡಿದ್ದು ಜಗುಲಿ. ಏರೋದು ಕಾಣ್ತಿರ್ಲಿಲ್ಲ. ಸದ್ದೂ ಇರ್ಲಿಲ್ಲ. ಅದ್ಕೇ ಯಾರೂ ಓಡಿ ಬರ್ಲಿಲ್ಲ.”

ಆಗ ಅದನ್ನು ಮುದುಕಿಯ ನೆನಪು ಅಂತ ಕೇಳಿಸಿಕೊಂಡೆ. ಈಗ ಅನ್ನಿಸುತ್ತದೆ, ನನ್ನ ಫೋಟೊ ಬಗ್ಗೆ ಅದಕ್ಕಿಂತ ಸರಿಯಾದ ಮಾತು ಬೇರೆ ಯಾರೂ ಹೇಳಿಲ್ಲ. ಸದ್ದಿಲ್ಲದ ಬದಲಾವಣೆಗೆ ಸಾಕ್ಷಿ ಹುಟ್ಟಲ್ಲ. ಲಿಂಗನಮಕ್ಕಿಯ ಹಿನ್ನೀರಿನ ಫೋಟೊ ತೆಗೆಯಲು ಎನ್‌ಡಿ ಫಿಲ್ಟರ್ ಬೇಕಾಗಿಲ್ಲ, ಅಲ್ಲಿ ನೀರು ತಾನೇ ನುಣ್ಣಗಿದೆ. ಅದರ ಕೆಳಗೆ ಅಡಿಕೆ ತೋಟ ಇತ್ತು ಅಂತ ಆ ನುಣುಪು ಹೇಳಲ್ಲ.

ನಿಂತದ್ದು, ನಡೆದದ್ದು

ಕನ್ನಡದಲ್ಲಿ ಈ ವಿಷಯಕ್ಕೆ ಹೇಳಿ ಮಾಡಿಸಿದ ಹಾಗೆ ಒಂದು ಜೋಡಿ ಪದ ಇದೆ: ಸ್ಥಾವರ ಮತ್ತು ಜಂಗಮ. ನಿಂತದ್ದು ಸ್ಥಾವರ, ಚಲಿಸುವುದು ಜಂಗಮ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಇವೆರಡನ್ನು ಎದುರು ಬದುರು ಇಟ್ಟು ಯಾವ ಕಡೆ ನಿಂತರು ಅನ್ನೋದು ಕನ್ನಡ ತರಗತಿಯಲ್ಲಿ ಕೂತ ಮಕ್ಕಳಿಗೂ ಗೊತ್ತು. ಕಲ್ಲಿನ ಗುಡಿಗಿಂತ ನಡೆಯುವ ದೇಹ ದೊಡ್ಡದು ಅಂದವರು ಅವರು. ನನ್ನ ಕಪ್ಪು ಗಾಜು ಮಾಡುವುದು ಸರಿಯಾಗಿ ಅದರ ಉಲ್ಟಾ. ಸ್ಥಾವರವನ್ನು ಉಳಿಸುತ್ತದೆ, ಜಂಗಮವನ್ನು ಅಳಿಸುತ್ತದೆ.

ದೋಹಾದಲ್ಲಿ ಈ ಮಾತಿಗೆ ಬೇರೆ ತೂಕ ಬರುತ್ತದೆ. ಈ ದೇಶದ ಜನಸಂಖ್ಯೆಯಲ್ಲಿ ಹತ್ತರಲ್ಲಿ ಎಂಟೊಂಬತ್ತು ಮಂದಿ ಹೊರಗಿನವರು. ಬಂದವರು, ಒಂದು ದಿನ ಹೋಗುವವರು. ಜರ್ಮನಿಯ ಮಿಖಾಯೆಲ್ ವೆಸೆಲಿ ಎಂಬ ಕಲಾವಿದ 1997ರಿಂದ 1999ರವರೆಗೆ ಬರ್ಲಿನ್ನಿನ ಪಾಟ್ಸ್‌ಡಾಮರ್ ಪ್ಲಾಟ್ಸ್‌ನಲ್ಲಿ ಕ್ಯಾಮೆರಾಗಳನ್ನು ತೆರೆದಿಟ್ಟು, ಇಡೀ ಚೌಕ ಕಟ್ಟಿ ಏಳುವುದನ್ನು ಒಂದೊಂದೇ ಚಿತ್ರದಲ್ಲಿ ಹಿಡಿದ. ಕಟ್ಟಡಗಳು ಗಾಜಿನ ಹಾಗೆ ಒಂದರೊಳಗೊಂದು ಎದ್ದು ನಿಂತಿವೆ, ಆಕಾಶದಲ್ಲಿ ಸೂರ್ಯ ಓಡಾಡಿದ ಗೆರೆಗಳಿವೆ. ಕಟ್ಟಿದವರು ಒಬ್ಬರೂ ಇಲ್ಲ. 2010ರಿಂದ 2022ರವರೆಗೆ, ವಿಶ್ವಕಪ್ ಫುಟ್‌ಬಾಲ್ ಬರುವವರೆಗೆ, ದೋಹಾದ ಮೇಲೆ ಅಂಥ ಕ್ಯಾಮೆರಾ ಇಟ್ಟಿದ್ದರೆ ಏನು ಮೂಡುತ್ತಿತ್ತು ಅಂತ ಊಹಿಸಿ. ಕ್ರೀಡಾಂಗಣ ಮೂಡುತ್ತಿತ್ತು, ಮೆಟ್ರೊ ನಿಲ್ದಾಣ ಮೂಡುತ್ತಿತ್ತು. ಬೆಳಗಿನ ಬಸ್ಸಿನ ಕಿಟಕಿಗೆ ತಲೆ ಒರಗಿಸಿ ನಿದ್ದೆ ಮಾಡುತ್ತಾ ಹೋದವರು ಮೂಡುತ್ತಿರಲಿಲ್ಲ.

ಇಲ್ಲಿಗೆ ಬಂದಾಗ ನನಗೆ ಒಂದು ಆಸೆ ಹುಟ್ಟಿತು. “ನಾವೂ ಅಷ್ಟೇ, ನಾವೆಲ್ಲ ಜಂಗಮರೇ” ಅಂದುಬಿಡುವ ಆಸೆ. ನನ್ನ ಮಗಳು ಇಲ್ಲೇ ಹುಟ್ಟಿದವಳು, ಆದರೆ ಇಲ್ಲಿಯವಳಲ್ಲ. ನನ್ನ ಕೆಲಸ ಹೋದರೆ ನಮ್ಮ ಐಡಿ ಕಾರ್ಡೂ ಹೋಗುತ್ತದೆ. ನೂರು ವರ್ಷದ ಎಕ್ಸ್‌ಪೋಶರ್‌ನಲ್ಲಿ ನಾನೂ ಆ ಗುಡಿಸುವವರೂ ಇಬ್ಬರೂ ಕಾಣಲ್ಲ. ಹೀಗೆ ಒಂದು ಪ್ಯಾರಾ ಬರೆದೂ ಇದ್ದೆ. ಓದಲು ಚೆನ್ನಾಗಿತ್ತು.

ಆಮೇಲೆ ತೆಗೆದುಹಾಕಿದೆ. ಯಾಕಂದ್ರೆ ಅದೂ ಒಂದು ಲಾಂಗ್ ಎಕ್ಸ್‌ಪೋಶರ್. ಎಸಿ ಕೋಣೆಯಲ್ಲಿ ಕೂತು ಕೆಲಸ ಮಾಡಿ, ಹೆಂಡತಿ ಮಗಳನ್ನು ಜೊತೆಗಿಟ್ಟುಕೊಂಡು, ಶುಕ್ರವಾರ ಹವ್ಯಾಸಕ್ಕೆ ಟ್ರೈಪಾಡ್ ಹೊರುವ ನನ್ನನ್ನೂ, ಹೆಂಡತಿ ಮಕ್ಕಳನ್ನು ಎರಡು ವರ್ಷಕ್ಕೊಮ್ಮೆ ನೋಡುವವರನ್ನೂ ಒಂದೇ ಮಂಜಿನಲ್ಲಿ ಕಲಸಿ ‘ಜಂಗಮ’ ಅನ್ನುವುದು. ಬೇಸಿಗೆಯಲ್ಲಿ, ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ, ಬೆಳಿಗ್ಗೆ 10ರಿಂದ ಮಧ್ಯಾಹ್ನ 3:30ರವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದು ಎಂದು ಇಲ್ಲಿ ನಿಯಮ ಇದೆ. ಆ ನಿಯಮ ಯಾರಿಗಾಗಿ ಅಂತ ಕೇಳಿಕೊಂಡರೆ ಸಾಕು, ನಾವಿಬ್ಬರೂ ಒಂದೇ ಅಲ್ಲ ಅಂತ ಗೊತ್ತಾಗುತ್ತದೆ. ಮೇಲೇರಿ ದೂರದಿಂದ ನೋಡಿದರೆ ಎಲ್ಲರೂ ಒಂದೇ. ತತ್ವಜ್ಞಾನ ಮಾತಾಡುವವರಿಗೆ ಆ ಎತ್ತರ ಬಲು ಇಷ್ಟ. ಜಪಾನಿನ ಹಿರೋಶಿ ಸುಗಿಮೊಟೊ ಒಂದು ಇಡೀ ಸಿನಿಮಾ ಮುಗಿಯುವವರೆಗೆ ಶಟರ್ ತೆರೆದಿಟ್ಟು ಚಿತ್ರಮಂದಿರಗಳ ಫೋಟೊ ತೆಗೆದಿದ್ದಾರೆ. ಆ ಫೋಟೊಗಳಲ್ಲಿ ಪರದೆ ಬರೀ ಬಿಳಿ. ಇಡೀ ಕತೆ ಸೇರಿದರೆ ಒಂದು ಖಾಲಿ ಬಿಳುಪು. ಅದು ಅದ್ಭುತ ಚಿತ್ರ, ನಿಜ. ಆದರೆ ಆ ಚಿತ್ರ ನೋಡಿದವರು ಸಿನಿಮಾ ನೋಡಿದೆ ಅನ್ನಬಾರದು.

ಬ್ಯಾಡ್ರಿ ಸರ

ಅಳಿಸಿದ ತಪ್ಪಿಗೆ ಏನು ಪರಿಹಾರ? ಹುಡುಕಿ ಹೋಗಿ ಒಂದು ಫೋಟೊ ತೆಗೆಯುವುದು ಅಂತ ತೀರ್ಮಾನಿಸಿದೆ. ಈ ಸಲ ಸೆಕೆಂಡಿನ 250ರ ಒಂದು ಭಾಗದಲ್ಲಿ, ಪೊರಕೆ ಹಿಡಿದ ಕೈ, ಬೆವರು, ಎಲ್ಲ ಸ್ಪಷ್ಟವಾಗಿ. ಮನಸ್ಸಿನಲ್ಲೇ ಚಿತ್ರಕ್ಕೆ ಹೆಸರೂ ಇಟ್ಟಾಗಿತ್ತು.

ಮೂರನೇ ಶುಕ್ರವಾರ ಸಿಕ್ಕಿದರು. ನಾನು ಗುರುತಿಸಲಿಲ್ಲ, ಮಗಳೇ ಕೈ ಬೀಸಿದಳು. ಹಿಂದಿಯಲ್ಲಿ ಮಾತು ಶುರು ಮಾಡಿದೆ. ನಾನು ಮಗಳ ಹತ್ತಿರ ಕನ್ನಡ ಮಾತಾಡಿದ್ದು ಕೇಳಿ ಅವರೇ ಕನ್ನಡಕ್ಕೆ ಬಂದರು. ರಾಯಚೂರಿನ ಆಚೆ, ಗಡಿ ದಾಟಿ ತೆಲಂಗಾಣಕ್ಕೆ ಸೇರುವ ಕಡೆಯವರು. ಹೆಸರು ಬರೆಯುವುದಿಲ್ಲ.

ಫೋಟೊ ತೆಗೆಯಲಾ ಅಂತ ಕೇಳಿದೆ. ಕೇಳಲೇಬೇಕು. ಒಪ್ಪಿಗೆ ಇಲ್ಲದೆ ಜನರ ಫೋಟೊ ತೆಗೆದರೆ ಇಲ್ಲಿ ಕಾನೂನಿನ ತೊಂದರೆ ಬರಬಹುದು.

“ಬ್ಯಾಡ್ರಿ ಸರ,” ಅಂದರು. “ಮನ್ಯಾಗ ನಾ ಆಫೀಸನ್ಯಾಗ ಕೆಲಸ ಮಾಡ್ತೀನಿ ಅಂತ ಹೇಳೀನ್ರಿ. ಈ ಡ್ರೆಸ್ಸಿನ್ಯಾಗ ಬ್ಯಾಡ.”

ನಾನು ಕಟ್ಟಿಕೊಂಡಿದ್ದ ವಾದವೆಲ್ಲ ಅಲ್ಲಿ ಸ್ವಲ್ಪ ಹೊತ್ತು ನಿಂತುಹೋಯಿತು. ಕಾಣಿಸದಿರುವುದು ಅನ್ಯಾಯ ಅಂತ ನಾನು ಅಂದುಕೊಂಡಿದ್ದೆ. ಇವರಿಗೆ ಕಾಣಿಸುವುದೇ ಭಯ. ಆ ಮಸುಕು ಅವರ ಪಾಲಿಗೆ ಒಂದು ಮರೆ. ಹಾಗಾದರೆ ನಾನು ಅಳಿಸಿದ್ದು ಒಳ್ಳೆಯದೇ ಆಯಿತಾ?

ಇಲ್ಲ ಅನ್ನಿಸಿತು, ಯೋಚಿಸಿದ ಮೇಲೆ. ಮರೆಯಾಗಿ ಇರುವ ಹಕ್ಕು ಅವರದು. ಅವರು ಕೇಳಿ ನಾನು ಅಳಿಸಿದ್ದರೆ ಅದು ಮರ್ಯಾದೆ. ನಾನು ಅಳಿಸಿದ್ದು ಅವರನ್ನು ಕಾಪಾಡಲು ಅಲ್ಲ, ನನ್ನ ಕಲ್ಲುಹಾಸು ಚೊಕ್ಕವಾಗಿ ಕಾಣಲಿ ಅಂತ. ಎರಡು ಚಿತ್ರವೂ ಪಕ್ಕ ಪಕ್ಕ ಇಟ್ಟರೆ ಒಂದು ಕೂದಲಿನ ವ್ಯತ್ಯಾಸವೂ ಕಾಣಲ್ಲ. ಆದರೂ ಒಂದು ಸರಿ, ಇನ್ನೊಂದು ತಪ್ಪು. ಚಿತ್ರದೊಳಗೆ ಹುಡುಕಿದರೆ ಈ ತಪ್ಪು ಸಿಗಲ್ಲ. ಅದು ಇರುವುದು ನಾಲ್ಕು ನಿಮಿಷ ಪಕ್ಕದಲ್ಲೇ ಕೂತು ಮಗಳಿಗೆ ಕಂಡದ್ದು ನನಗೆ ಕಾಣದೇ ಹೋದದ್ದರಲ್ಲಿ. ಕ್ಯಾಮೆರಾ ನಾಲ್ಕು ನಿಮಿಷ ಕಣ್ಣು ತೆರೆದಿತ್ತು. ಮುಚ್ಚಿದ್ದು ನನ್ನದು.

“ಬ್ಯಾರೆ ಡ್ರೆಸ್ಸಿನ್ಯಾಗ ತಗೀತೀರೇನ್ರಿ?” ಅಂತ ಅವರೇ ಕೇಳಿದರು. “ಹಿಂದ ಸಮುದ್ರ ಹಾಲಿನಂಗ ಬರ್ತದಲ್ರಿ, ಅಂಥಾದ್ದು. ಫೋನಿನ್ಯಾಗ ಬರಂಗಿಲ್ಲ ಅದು.”

ಅವರಿಗೆ ಬೇಕಾದದ್ದು ಲಾಂಗ್ ಎಕ್ಸ್‌ಪೋಶರ್ ಫೋಟೊವೇ.

ಮುಂದಿನ ವಾರ ಕೆಲಸ ಮುಗಿಸಿ, ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡು ಸಂಜೆ ಬಂದರು. ಅದೇ ಜಾಗ, ಹಿಂದೆ ವೆಸ್ಟ್ ಬೇ. ಎಂಟು ಸೆಕೆಂಡು ಸಾಕು ಅಂತ ಲೆಕ್ಕ ಹಾಕಿದೆ. ಮನುಷ್ಯ ಅಲ್ಲಾಡದೆ ನಿಲ್ಲಬಹುದಾದ ಹೊತ್ತು, ನೀರು ಮೆತ್ತಗಾಗುವ ಹೊತ್ತು. ಮಗಳು ಜೋರಾಗಿ ಕನ್ನಡದಲ್ಲಿ ಎಣಿಸಿದಳು, ಒಂದು, ಎರಡು, ಮೂರು. ಐದರ ನಂತರ ಆರು ಮರೆತು ಏಳಕ್ಕೆ ಹಾರಿದಳು. ಅವರು ನಗು ತಡೆದುಕೊಂಡು ನಿಂತರು. ಎರಡನೇ ಸಲ ಸರಿಯಾಗಿ ಎಣಿಸಿದಳು.

ಪರದೆಯಲ್ಲಿ ತೋರಿಸಿದಾಗ ಅವರು ಸಮುದ್ರ ನೋಡಲಿಲ್ಲ, ಗೋಪುರ ನೋಡಲಿಲ್ಲ. ಮುಖವನ್ನು ದೊಡ್ಡದು ಮಾಡಿ ನೋಡಿದರು. “ಮುಖ ಚಲೋ ಬಂದೈತ್ರಿ,” ಅಂದರು. ಅಂಗಿಯ ತುದಿ ಗಾಳಿಗೆ ಆಡಿ ಸ್ವಲ್ಪ ಮಸುಕಾಗಿತ್ತು. ಸರಿ ಮಾಡಿ ಕಳಿಸಲಾ ಅಂತ ಕೇಳಿದೆ. “ಇರ್ಲಿ ಬಿಡ್ರಿ, ಗಾಳಿ ಇತ್ತಲ್ಲ.”

ಆ ಚಿತ್ರ ಸತ್ಯವೋ ಸುಳ್ಳೋ? ಆಫೀಸಿನ ಕೆಲಸ ಎಂಬ ಸುಳ್ಳಿಗೆ ನಾನು ಒಂದು ಸಾಕ್ಷಿ ಒದಗಿಸಿದೆ ಎಂದು ಯಾರಾದರೂ ಅನ್ನಬಹುದು. ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ದೂರದಲ್ಲಿರುವವರಿಗೆ ದೂರದ ಚಿತ್ರ ಕಳಿಸುವುದು ನಾವೆಲ್ಲ ಮಾಡುವ ಕೆಲಸವೇ. ಅಮ್ಮ ಫೋನ್ ಮಾಡಿದಾಗ “ಎಲ್ಲ ಚೆನ್ನಾಗಿದೆ” ಅನ್ನುವುದು ಅದೇ ತಾನೇ? ಅವರೂ ಆ ಕಡೆಯಿಂದ ಅದನ್ನೇ ಕಳಿಸುತ್ತಾರೆ. ಮಂಡಿನೋವು, ನಿದ್ದೆ ಬಾರದ ರಾತ್ರಿ, ಎಲ್ಲ ಸೇರಿಸಿ ಒಂದು ನುಣ್ಣನೆಯ “ಆರಾಮ”. ಅದರಲ್ಲಿ ಪ್ರೀತಿ ಇದೆ. ಆದರೆ ಯಾರಾದರೊಬ್ಬರು ಹತ್ತಿರ ಇದ್ದು ಹನಿಗಳನ್ನು ನೋಡಿರಬೇಕು. ಯಾರೂ ನೋಡಿರದಿದ್ದರೆ ಆ ಹಾಲಿಗೆ ಅರ್ಥ ಇಲ್ಲ.

ಈ ಬರಹದಲ್ಲಿ ನಿಮ್ಮ ಮಾತು ಹಾಕಲಾ ಅಂತ ಅವರನ್ನು ಕೇಳಿದ್ದೆ. “ಮಾತು ಬರ್ಕೊಳ್ರಿ, ಫೋಟೊ ಬ್ಯಾಡ,” ಅಂದರು. ಅದಕ್ಕೆ ಇಲ್ಲಿ ಫೋಟೊ ಇಲ್ಲ.

ನಾನು ಲಾಂಗ್ ಎಕ್ಸ್‌ಪೋಶರ್ ಬಿಟ್ಟಿಲ್ಲ. ಈ ಆಗಸ್ಟಿಗೂ ಜೋಗಕ್ಕೆ ಹೋಗುತ್ತೇನೆ, ಕಪ್ಪು ಗಾಜು ಚೀಲದಲ್ಲಿದೆ. ಎರಡು ಬದಲಾವಣೆ ಮಾಡಿಕೊಂಡಿದ್ದೇನೆ. ಶಟರ್ ತೆರೆದಿರುವಷ್ಟು ಹೊತ್ತು ಈಗ ಫೋನು ನೋಡುವುದಿಲ್ಲ, ಸುತ್ತ ನೋಡುತ್ತೇನೆ, ಚಿತ್ರದಲ್ಲಿ ಉಳಿಯದೇ ಇರುವವರು ಯಾರು ಯಾರು ಅಂತ. ಇನ್ನೊಂದು, ನವೆಂಬರಿನ ಆ ಫೋಟೊದ ಮೂಲ ಫೈಲು ಕಂಪ್ಯೂಟರಿನಲ್ಲಿ ಹಾಗೇ ಇತ್ತು. ಹಚ್ಚಿದ ಕಲ್ಲುಹಾಸು ತೆಗೆದು ಅದನ್ನೇ ಪ್ರಿಂಟ್ ಹಾಕಿಸಿ ಹಜಾರದಲ್ಲಿ ತೂಗುಹಾಕಿದ್ದೇನೆ. ಹೊಗೆಯಂಥ ಎರಡು ಕಾಲು ಮಾತ್ರ, ಯಾರ ಗುರುತೂ ಸಿಗಲ್ಲ. ಮನೆಗೆ ಬಂದವರು ಸಮುದ್ರವನ್ನು ಹೊಗಳುತ್ತಾರೆ, ಆಮೇಲೆ ಎಡಗಡೆ ಬೆರಳು ತೋರಿಸಿ ಅದೇನು ಕಲೆ ಅಂತ ಕೇಳುತ್ತಾರೆ.

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳುತ್ತಾಳೆ, “ಅದು ಕಲೆ ಅಲ್ಲ, ಅಂಕಲ್.”